ಸುಶೀಲಮ್ಮ ಮೇಡಂ ಕಟ್ಟಿದ ಊಜಿ ಬಲೆ

ಸುಶೀಲಮ್ಮ ಮೇಡಂ ಜಾಹೀರಾತುಗಳ ಜೊತೆ ದನಿ ಎತ್ತಿ ಜಗಳವಾಡುತ್ತಿದ್ದರು. ಗಂಡನ ಫೋನಿನಲ್ಲಿ ಬಿಳಿ ಕೋಟಿನವನೊಬ್ಬ ಸಕ್ಕರೆ ಕಾಯಿಲೆಗೆ ಪುಡಿ ಮಾರಲು ಬಂದರೆ ಸಾಕು, "ಯಾವ ಕಾಲೇಜಲ್ಲೋ ಓದಿದ್ದು ನೀನು? ಕಾಲೇಜಿನ ಗೇಟಾದ್ರೂ ನೋಡಿದ್ದೀಯಾ?" ಎಂದು ಗದರುವುದು ಕಾಂಪೌಂಡು ದಾಟಿ ನಮ್ಮ ಮನೆಗೆ ಕೇಳುತ್ತಿತ್ತು. ಶಿಡ್ಲಘಟ್ಟದಲ್ಲಿ ಅವರ ಪಕ್ಕದ ಮನೆಯವನು ನಾನು. ಪಿಯುಸಿಯಲ್ಲಿ ಭೌತಶಾಸ್ತ್ರ ಕಲಿತದ್ದೂ ಅವರಿಂದಲೇ. ಆ ಗದರಿಕೆ ನನಗೇನೂ ಹೊಸದಲ್ಲ.

ನಿವೃತ್ತಿಯಾದ ಮೇಲೆ ಮೇಡಂ ಹಿತ್ತಲಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಮನೆಯ ಕಿಟಕಿ, ಬಾಗಿಲು ಎಲ್ಲಕ್ಕೂ ಬಲೆ. ಊಜಿ ನೊಣ ನುಗ್ಗಿ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ, ಅದರ ಮರಿ ಒಳಹೊಕ್ಕು ಹುಳುವನ್ನೇ ತಿಂದುಹಾಕುತ್ತದೆ. ಬಾಗಿಲನ್ನು ಒಂದು ಗಳಿಗೆ ತೆರೆದಿಟ್ಟವರಿಗೂ ಅವರು ಮುಖ ಮೂತಿ ನೋಡದೆ ಬೈಯುತ್ತಿದ್ದರು.

ಗಂಡ ವೆಂಕಟರಾಯಪ್ಪನವರು ಸಾಧು ಮನುಷ್ಯ, ಯಾರು ಏನು ಹೇಳಿದರೂ ನಂಬುವವರು. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಿತ್ತು. ಒಮ್ಮೆ ಫೋನಿನಲ್ಲಿ ಪಂಚಾಂಗ ನೋಡುವಾಗ, "ಈ ಪುಡಿ ತಿನ್ನಿ, ಸೂಜಿ ಬಿಸಾಡಿ" ಎಂಬ ಜಾಹೀರಾತು ಬಂತು. ಗುಟ್ಟಾಗಿ ಪುಡಿ ತರಿಸಿಕೊಂಡು ಸೂಜಿ ನಿಲ್ಲಿಸಿಬಿಟ್ಟರು. ಕಾಲಿನ ಗಾಯ ಕೊಳೆತು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹೆಬ್ಬೆರಳು ಕತ್ತರಿಸಬೇಕಾಯಿತು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಇದೇ ಪುಡಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಮಾರಿ ಒಬ್ಬನ ಬೆರಳು ತೆಗೆಸಿದ್ದರೆ ಜನ ಹಿಡಿದು ಬಡಿಯುತ್ತಿದ್ದರು. ಫೋನಿನೊಳಗೆ ಕೂತು ಮಾರಿದರೆ ಮಾತ್ರ ಅದು ಮರ್ಯಾದಸ್ಥ ವ್ಯಾಪಾರ!

ಆಸ್ಪತ್ರೆಯಿಂದ ಬಂದ ಮೇಲೆ ಮೇಡಂ ಅಟ್ಟದಿಂದ ಹಳೆಯ ಕಂಪ್ಯೂಟರೊಂದನ್ನು ಇಳಿಸಿದರು. ಓದಿ, ತಪ್ಪು ಮಾಡಿ, ಮತ್ತೆ ಓದಿ ಅದನ್ನೇ ಮನೆಯ ರೂಟರ್ ಮಾಡಿದರು. ಒಂದೇ ಪೆಟ್ಟಿಗೆಯೊಳಗೆ ಎರಡು ಕಂಪ್ಯೂಟರುಗಳಿದ್ದಂತೆ ಎರಡು ವರ್ಚುವಲ್ ಯಂತ್ರಗಳು: ಒಂದು ಇಂಟರ್ನೆಟ್ಟನ್ನು ಮನೆಗೆಲ್ಲ ಹಂಚುತ್ತಿತ್ತು, ಇನ್ನೊಂದು ಜಾಹೀರಾತುಗಳನ್ನು ತಡೆಯುತ್ತಿತ್ತು. ಹೇಗೆ ಎಂದು ಕೇಳಿದೆ.

"ಫೋನು ಏನೇ ತರ್ಬೇಕಾದ್ರೂ ಮೊದಲು ವಿಳಾಸ ಕೇಳುತ್ತೆ ಕಣೋ, ಇಂಥ ಹೆಸರಿನೋರ ಮನೆ ಎಲ್ಲಿ ಅಂತ. ಆ ವಿಳಾಸ ಹೇಳೋದೇ ಡಿಎನ್‌ಎಸ್ಸು. ಜಾಹೀರಾತಿನೋರ ಹೆಸರು ಕೇಳಿದ್ರೆ ನಮ್ಮ ಪೆಟ್ಟಿಗೆ, ಅಂಥೋರು ಯಾರೂ ಇಲ್ಲಪ್ಪ ಅಂದುಬಿಡುತ್ತೆ. ಇದೂ ಊಜಿ ಬಲೇನೇ."

ಒಮ್ಮೆ ಬಲೆಯನ್ನು ಎಷ್ಟು ಬಿಗಿ ಮಾಡಿದ್ದರೆಂದರೆ ಗ್ಯಾಸ್ ಬುಕ್ ಮಾಡುವ ಪುಟವೂ ತೆರೆಯಲಿಲ್ಲ. ಸ್ವಲ್ಪ ಸಡಿಲಿಸಿ ಎಂದರೆ, "ಹಿತ್ತಲಲ್ಲಿ ಸೌದೆ ಇದೆ, ನೀನು ಸುಮ್ನಿರು" ಎಂದರು. ರಾಯಪ್ಪನವರು ಎರಡು ದಿನ ಹೊಗೆ ವಾಸನೆಯ ಕಾಫಿ ಕುಡಿದರು.

ಆದರೆ ಆ ಬಲೆಗೂ ಸಿಗದ ಕಳ್ಳರಿದ್ದರು. ರಾಯಪ್ಪನವರಿಗೆ ಸಂಜೆ ಹರಿಕಥೆಯ ವಿಡಿಯೋ ಬೇಕು. ವಿಡಿಯೋ ಎಲ್ಲಿಂದ ಬರುತ್ತದೋ ಅದರ ಜಾಹೀರಾತೂ ಅದೇ ಹೆಸರಿನಿಂದ ಬರುತ್ತದೆ. "ಹುಳಕ್ಕೆ ಹಾಕೋ ಸೊಪ್ಪಿನ ಜೊತೇಲೇ ನುಗ್ಗೋ ನೊಣದ ಥರ ಬರ್ತಾರೆ ಹಾಳಾದೋರು. ಅವರನ್ನ ತಡೆದ್ರೆ ಸೊಪ್ಪೂ ಬರಲ್ಲ," ಎಂದು ಮೇಡಂ ಹಲ್ಲು ಕಡಿದರು. ಅಂದಿನಿಂದ ಹರಿಕಥೆ ಮುಗಿಯುವವರೆಗೆ ಗಂಡನ ಪಕ್ಕದಲ್ಲೇ ಕುಳಿತರು. ಬಿಳಿ ಕೋಟು ಬಂದೊಡನೆ ಬೈಗುಳ ಶುರು.

"ಪೋನೀಲೇ ಸುಶೀಲಾ, ಬಿಟ್ಟಾಕು. ಅವನಿಗೆ ಕೇಳಿಸುತ್ತಾ?" ಎಂದು ರಾಯಪ್ಪನವರು ತೆಲುಗು ಬೆರೆಸಿ ಹೇಳಿ ನಗುತ್ತಿದ್ದರು.

"ನಿಮಗೆ ಕೇಳಿಸುತ್ತಲ್ಲ, ಸಾಕು."

ಹೋದ ವರ್ಷ ರಾಯಪ್ಪನವರು ಕೈವಾರದ ತಂಗಿಯ ಮನೆಗೆ ಗೃಹಪ್ರವೇಶಕ್ಕೆ ಹೋದವರು ಅಲ್ಲೇ ಒಂದಷ್ಟು ದಿನ ಉಳಿದರು. ಹುಳು ನಾಲ್ಕನೇ ಜ್ವರದಲ್ಲಿ, ಅಂದರೆ ಕೊನೆಯ ಸಲ ಪೊರೆ ಬಿಡುವ ಹಂತದಲ್ಲಿ, ಇದ್ದುದರಿಂದ ಮೇಡಂ ಹೋಗುವಂತಿರಲಿಲ್ಲ. ಅಲ್ಲಿ ಮೇಡಂ ಅವರ ಪೆಟ್ಟಿಗೆ ಇರಲಿಲ್ಲ, ಪಕ್ಕದಲ್ಲಿ ಕೂತು ಬೈಯುವವರೂ ಇರಲಿಲ್ಲ. ಅವರಿಗೆ ಸಕ್ಕರೆ ಏರಿ ಪ್ರಜ್ಞೆ ತಪ್ಪಿ, ಚಿಂತಾಮಣಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಬ್ಯಾಗಿನಲ್ಲಿ ಇನ್ಸುಲಿನ್ ಹಾಗೇ ಇತ್ತು. ಅಲ್ಲಿಗೇ ಮತ್ತೆ ತರಿಸಿಕೊಂಡಿದ್ದ ಪುಡಿಯ ಡಬ್ಬಿ ಅರ್ಧ ಖಾಲಿಯಾಗಿತ್ತು.

ಆ ಜಾಹೀರಾತು ಇಂದಿಗೂ ಬರುತ್ತಿದೆ. ನಾನೇ ನೋಡಿದ್ದೇನೆ. ಅದನ್ನು ತೋರಿಸುವ ಕಂಪನಿಗೆ ದೂರು ಕೊಟ್ಟರೆ, "ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ" ಎಂಬ ಉತ್ತರ ಬಂತು. ಒಬ್ಬ ಮನುಷ್ಯ ಸತ್ತಿದ್ದಾನಲ್ಲ, ಅದು ಯಾರ ಕಣ್ಣಿಗೂ ಕಾಣಲಿಲ್ಲವೇ?

ಮೇಡಂ ಹುಳು ಮನೆಗೆ ಬೀಗ ಹಾಕಿ ಗೌರಿಬಿದನೂರಿನ ಮಗಳ ಮನೆಗೆ ಹೋದರು. ಕೆಲವೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು. ನಾನು ಅವರನ್ನು ಕೊನೆಯ ಬಾರಿ ಕಂಡದ್ದು ರಾಯಪ್ಪನವರ ತಿಥಿಯ ದಿನ. ಗೋಡೆಗೊರಗಿ ಕೂತಿದ್ದರು. ಕೈವಾರದ ನಾದಿನಿ ಅವರ ಕೈ ಹಿಡಿದು, "ಎಲ್ಲಾ ಅಣ್ಣನ ಹಣೇಲಿ ಬರೆದಿತ್ತು ಅತ್ತಿಗೆ, ನಾವೇನ್ ಮಾಡೋಕಾಗುತ್ತೆ," ಎಂದು ಅತ್ತರು.

ಮೇಡಂ ಕೈ ಬಿಡಿಸಿಕೊಂಡು ತಲೆ ಎತ್ತಿದರು.

"ಬರೆದಿತ್ತು ಅನ್ನಬೇಡಮ್ಮ. ದುಡ್ಡು ಕೊಟ್ಟು ಬರೆಸಿದ್ದಾರೆ."