ಹುರಿದ ಬೀಜ

ಶಿರ್ತಾಡಿಯ ಪೇಟೆಯ ಹಿಂದಿನ ಓಣಿಯಲ್ಲಿ ದಮಯಂತಿಯ ಮನೆ. ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅನ್ನ ಬೇಯಿಸಿ ನಿವೃತ್ತಳಾದವಳು. ಅಂಗಳ ಕಿರಿದಾದ್ದರಿಂದ ಅವಳ ಕೃಷಿಯೆಲ್ಲ ತಾರಸಿಯ ಮೇಲೆ. ಪೈಂಟಿನ ಖಾಲಿ ಬಕೆಟುಗಳ ತಳಕ್ಕೆ ತೂತು ಕೊರೆದು, ಕೆಂಪು ಮಣ್ಣಿಗೆ ಸುಡುಮಣ್ಣನ್ನೂ ಒಣಸೆಗಣಿಯನ್ನೂ ಬೆರೆಸಿ ತುಂಬಿ, ಮೆಣಸು ಬೆಳೆಸುತ್ತಿದ್ದಳು. ಬೆಳ್ತಂಗಡಿಯ ತವರಿನಿಂದ ಬಂದ ತಳಿ ಅದು. ಹೆಬ್ಬೆರಳಿನಷ್ಟು ಗಿಡ್ಡ, ಕಡುಗೆಂಪು. ಎರಡು ಹೆಚ್ಚು ಬಿದ್ದರೆ ಉಣ್ಣುವವರ ಮೂಗು ಸೋರುತ್ತಿತ್ತು. ಊರಿನಲ್ಲಿ ಅದಕ್ಕೆ ದಮಯಂತಕ್ಕನ ಮೆಣಸೆಂದೇ ಹೆಸರು. ಕೇಳಿದವರಿಗೆ ಎಳೆಯ ಹಸಿಮೆಣಸನ್ನು ಹಿಡಿ ತುಂಬ ಕೊಡುತ್ತಿದ್ದಳು. ಬೀಜ ಕೇಳಿದರೆ ಮಾತ್ರ ಏನಾದರೊಂದು ನೆವ ಹೇಳುತ್ತಿದ್ದಳು.

ಪಕ್ಕದ ಹಫ್ಸಳ ಮನೆಗೆ ಫರಂಗಿಪೇಟೆಯಿಂದ ಸೊಸೆಯಾಗಿ ಬಂದ ಫಾಯಿಝಾ ಆ ನೆವಗಳನ್ನು ಅರಿಯಳು. ಒಂದು ಬೆಳಿಗ್ಗೆ ನೇರ ಅಡುಗೆಮನೆಯ ಬಾಗಿಲಿಗೇ ಬಂದು, ತಾನೂ ಬಕೆಟಿನಲ್ಲಿ ಮೆಣಸು ಬೆಳೆಯಬೇಕು, ನಾಲ್ಕು ಬೀಜ ಕೊಡಿರೆಂದು ಕೇಳಿದಳು. ದಮಯಂತಿ ಆಗಷ್ಟೇ ಮಸಾಲೆಗೆಂದು ಒಣಮೆಣಸನ್ನು ಕಾವಲಿಯಲ್ಲಿ ಹುರಿದು ತಟ್ಟೆಗೆ ಸುರಿದಿದ್ದಳು. ತಟ್ಟೆಯ ತಳದಲ್ಲಿ ಬೀಜಗಳು ಉದುರಿದ್ದವು. ಇಲ್ಲವೆನ್ನಲು ನಾಲಗೆ ಏಳಲಿಲ್ಲ; ಕೊಡಲು ಮನಸ್ಸು ಒಪ್ಪಲಿಲ್ಲ. ಕೈ ಮಾತ್ರ ಆ ಹುರಿದ ಬೀಜಗಳನ್ನೇ ಬಾಚಿ ಕಾಗದದಲ್ಲಿ ಮಡಚಿ ಕೊಟ್ಟುಬಿಟ್ಟಿತು. ಹುಡುಗಿ ಸಂತೋಷದಿಂದ ಹೋದಳು.

ಮೂರು ವಾರ ಕಳೆದರೂ ಫಾಯಿಝಾಳ ಬಕೆಟುಗಳಲ್ಲಿ ಒಂದು ಮೊಳಕೆಯೂ ಕಾಣಲಿಲ್ಲ. ಮಣ್ಣು ಬದಲಿಸಿ ಮತ್ತೆ ಬಿತ್ತಿದಳು. ಆಗಲೂ ಇಲ್ಲ. ತಾರಸಿಯಲ್ಲಿ ನೀರು ಹಾಕುತ್ತಿದ್ದ ದಮಯಂತಿಗೆ ಹಫ್ಸ ಸೊಸೆಯನ್ನು ಚುಚ್ಚುವುದು ಕೇಳಿಸುತ್ತಿತ್ತು.

"ಮೆಣಸು ಸಹ ಹುಟ್ಟದ ಕೈ ನಿನ್ನದು. ಇನ್ನು ಅದಕ್ಕೆ ನೀರು ಹೊತ್ತು ಸಾಯಬೇಡ."

ಅಂದಿನಿಂದ ದಮಯಂತಿ ಹೊತ್ತೇರುವ ಮೊದಲೇ ನೀರು ಹಾಕಿ ಇಳಿಯತೊಡಗಿದಳು. ಊಟಕ್ಕೆ ಕುಳಿತರೆ ತನ್ನದೇ ಮೆಣಸಿನ ಸಾರನ್ನು ಬದಿಗೆ ಸರಿಸುತ್ತಿದ್ದಳು. ಎಷ್ಟೋ ಮಕ್ಕಳಿಗೆ ಹಂಚಿ ತಿನ್ನುವುದನ್ನು ಹೇಳಿಕೊಟ್ಟವಳು ತಾನೇ ಅಲ್ಲವೇ!

ಒಂದು ದಿನ ಫಾಯಿಝಾಳೇ ಅವಳನ್ನು ತಮ್ಮ ಅಂಗಳಕ್ಕೆ ಕರೆದಳು. ಮಣ್ಣು ಹದ ಮಾಡಿಟ್ಟಿದ್ದಳು. ಹಫ್ಸ ಜಗಲಿಯಲ್ಲಿ ಮೀನು ಹೆಚ್ಚುತ್ತಿದ್ದಳು. ಹುಡುಗಿ ಅದೇ ಕಾಗದವನ್ನು ಬಿಡಿಸಿ ದಮಯಂತಿಯ ಅಂಗೈಗೆ ಸುರಿದಳು.

"ಹತ್ತು ಬೀಜ ಉಳಿದದ್ದುಂಟು ದಮಯಂತಕ್ಕ. ನನ್ನ ಕೈ ಆಗಿಬರುವುದಿಲ್ಲ. ನಿಮ್ಮ ಕೈಗುಣ ಒಳ್ಳೆಯದಂತೆ, ನೀವೇ ಹಾಕಿ ಕೊಡಿ."

ನಮ್ಮ ಕಡೆ ಗಿಡ ಏಳದಿದ್ದರೆ ಕೈಗುಣವಿದ್ದವರಿಂದ ಬಿತ್ತಿಸುವುದು ವಾಡಿಕೆ. ಒಲ್ಲೆನೆನ್ನುವವರಿಲ್ಲ. ದಮಯಂತಿ ಬಗ್ಗಿದಳು, ಬೆರಳಿನಿಂದ ಮಣ್ಣಿನಲ್ಲಿ ಕುಳಿಯನ್ನೂ ಮಾಡಿದಳು. ಹಾಕಿ ಎದ್ದುಹೋದರೆ ಯಾರಿಗೂ ತಿಳಿಯದು. ಮಣ್ಣನ್ನೋ ಮಳೆಯನ್ನೋ ದೂರಬಹುದು. ಆದರೆ ಹುಡುಗಿ ಎದುರಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಪಾಠ ಕಲಿಯುವವಳಂತೆ ಅವಳ ಬೆರಳುಗಳನ್ನೇ ನೋಡುತ್ತಿದ್ದಳು.

"ಇದು ಹುಟ್ಟುವುದಿಲ್ಲ ಮಗಾ," ಎಂದಳು ದಮಯಂತಿ, ತಲೆ ಎತ್ತದೆ. "ಹುರಿದ ಮೆಣಸಿನ ಬೀಜ. ಗೊತ್ತಿದ್ದೇ ಕೊಟ್ಟದ್ದು ನಾನು."

ಜಗಲಿಯಲ್ಲಿ ಕತ್ತಿಯ ಸದ್ದು ನಿಂತಿತು. ಫಾಯಿಝಾ ಖಾಲಿ ಕಾಗದವನ್ನು ಮತ್ತೆ ಮಡಚಿದಳು. ಹಫ್ಸ ಜಗಲಿಯಿಂದಲೇ ಹೇಳಿದಳು.

"ಎರಡು ಬಕೆಟ್ ಮಣ್ಣು ಹೊರಗೆ ಎಸೆದಿದ್ದಾಳೆ ಅವಳು, ದಮಯಂತಿ. ನಾನೂ ಬಾಯಿಗೆ ಬಂದದ್ದು ಹೇಳಿದೆ."

ದಮಯಂತಿ ತನ್ನ ತಾರಸಿಗೆ ಹೋಗಿ, ಗಿಡದಲ್ಲೇ ಮಾಗಿದ್ದ ಅತ್ಯುತ್ತಮವಾದ ಐದು ಹಣ್ಣುಗಳನ್ನು ಕಿತ್ತು ತಂದಳು. ಸೀಳಿ, ಬೀಜವನ್ನು ಬೂದಿಯಲ್ಲಿ ಉಜ್ಜಿ, ನೆರಳಿನಲ್ಲಿ ಒಣಗಿಸುವ ಬಗೆಯನ್ನು ಹೇಳಿಕೊಟ್ಟಳು. ಮೂರನೆಯ ದಿನ ಬಿತ್ತುವ ಹೊತ್ತಿಗೆ ಫಾಯಿಝಾ ಮತ್ತೆ ಬೀಜಗಳನ್ನು ಅವಳತ್ತ ಚಾಚಿದಾಗ ದಮಯಂತಿ ಹಿಂದೆ ಸರಿದಳು.

"ನನ್ನ ಕೈ ಬೇಡ. ನೀನೇ ಹಾಕು."

ಹನ್ನೆರಡನೆಯ ದಿನಕ್ಕೆ ಮೊಳಕೆ ಎದ್ದಿತು. ಈಗ ಹಫ್ಸಳ ಮನೆಗೆ ಬಂದವರು ಆ ಮೆಣಸನ್ನು ಹೊಗಳುತ್ತಾರೆ. ಬೀಜ ದಮಯಂತಕ್ಕ ಕೊಟ್ಟದ್ದೆಂದು ಫಾಯಿಝಾ ಎಲ್ಲರಿಗೂ ಹೇಳುತ್ತಾಳೆ. ಹುರಿದ ಬೀಜದ ಮಾತನ್ನು ಒಮ್ಮೆಯೂ ಎತ್ತಿಲ್ಲ. ಬೀಜ ಕೊಟ್ಟವಳೆಂದು ತನ್ನ ಹೆಸರು ಕಿವಿಗೆ ಬಿದ್ದಾಗಲೆಲ್ಲ ದಮಯಂತಿ ತುಂಬಿದ ಕೊಡವನ್ನು ಹಾಗೆಯೇ ಇಟ್ಟು ತಾರಸಿಯಿಂದ ಕೆಳಗಿಳಿದುಬಿಡುತ್ತಾಳೆ.