ನೆಲಕ್ಕೂರಿದ ಕೈ

ಅಕ್ಕನ ಕುತ್ತಿಗೆ ಎಷ್ಟು ದಪ್ಪವಿತ್ತೆಂದರೆ, ಜಂಪರಿನ ಅಳತೆ ತೆಗೆಯುವ ಟೇಲರಮ್ಮ ಟೇಪನ್ನು ಎರಡೆರಡು ಸಲ ಸುತ್ತಿ ನೋಡಿ ನಗುತ್ತಿದ್ದಳು. ಆ ಕುತ್ತಿಗೆಯ ಪಕ್ಕದಲ್ಲಿ ನನ್ನ ಹೆಗಲು ಗಟ್ಟಿಯಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದನ್ನು ಮೊನ್ನೆಯವರೆಗೂ ಯಾರಿಗೂ ಹೇಳಿರಲೂ ಇಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಐನಾಪುರದ ತಾಲೀಮಿನಲ್ಲಿ ನಾವಿಬ್ಬರೂ ಕುಸ್ತಿ ಕಲಿತಿದ್ದೆವು. ಅಥಣಿಯ ಸರ್ ಒಬ್ಬರು ಕುಸ್ತಿಯ ಹುಡುಗಿಯರನ್ನು ಕೂಡಿಸಿ ರಗ್ಬಿ ತಂಡ ಕಟ್ಟಿದಾಗ ಅಲ್ಲಿಗೂ ಹೋದೆವು.

ಆ ಆಟದಲ್ಲಿ ಸ್ಕ್ರಮ್ ಎಂಬುದೊಂದಿದೆ. ಮೂವರು ಇತ್ತ, ಮೂವರು ಅತ್ತ, ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿ ಬಗ್ಗಿ, ಎದುರಿನವರ ಹೆಗಲಿಗೆ ಹೆಗಲು ಕೊಟ್ಟು ನೂಕಬೇಕು. ಒಳಗೆ ಉರುಳಿ ಬಂದ ಚೆಂಡನ್ನು ನಡುವಿನವಳು ಕಾಲಿನಿಂದ ಹಿಂದಕ್ಕೆಳೆಯಬೇಕು. ನಮ್ಮ ನಡುವಿನವಳು ಅಕ್ಕ. ಅವಳ ಎರಡೂ ಕೈ ಪಕ್ಕದವರ ಹೆಗಲ ಮೇಲಿರುತ್ತವೆ, ಬಿದ್ದರೆ ಊರಲು ಕೈಯೇ ಇಲ್ಲ. ಅವಳ ಎಡಕ್ಕೆ ನಾನು; ನನ್ನ ಒಂದು ಕೈ ಅಕ್ಕನನ್ನು ತಬ್ಬಿರಬೇಕು, ಇನ್ನೊಂದು ಎದುರಿನವಳ ಅಂಗಿ ಹಿಡಿದು ಭಾರ ತಡೆಯಬೇಕು.

ಸರ್ ಕಲಿಸಿದ್ದನ್ನು ಅಕ್ಕ ನಮ್ಮ ಎಮ್ಮೆ ಕೊಟ್ಟಿಗೆಯಲ್ಲಿ ತಿದ್ದುತ್ತಿದ್ದಳು. ಕಾಲು ಹೆಗಲಿನಷ್ಟು ಅಗಲ, ಮೊಣಕಾಲು ಮಡಿಚಿ, ಬೆನ್ನು ಹಲಗೆಯಂತೆ ಸಪಾಟು, ಗದ್ದ ಎದೆಯಿಂದ ಮೇಲೆ. ಬಗ್ಗಿದವರ ಬೆನ್ನಿನ ಮೇಲೆ ಹಿಂಡಿಯ ಬುಟ್ಟಿ ಇಡುತ್ತಿದ್ದಳು. ಅದು ಉರುಳಿದರೆ ಅಂದಿನ ಸಗಣಿ ಬಳಿಯುವ ಪಾಳಿ ಅವರದು. ಹೆಚ್ಚಾಗಿ ನನ್ನದೇ. ತಲೆ ತಗ್ಗಿಸಿದರೆ ಗದ್ದಕ್ಕೆ ಮೆಲ್ಲಗೆ ತಟ್ಟುತ್ತಿದ್ದಳು.

“ಎಮ್ಮಿ ಹಾಯುವಾಗ ತಲಿ ತಗ್ಗಸ್ತೈತಿ, ಅದಕ್ಕ ಕೋಡ ಅದಾವ. ನಿನಗೇನ್ ಅದಾವಬೇ?”

“ಮೂಡ್ತಾವ ತಗೋ, ನಿನ್ನ ಕೂಡ ಕೊಟ್ಟಿಗ್ಯಾಗ ಇದ್ದು ಇದ್ದು!”

“ಮೂಡ್ಲಿ. ಆವಾಗ ತಗ್ಗಸು.”

ರಾಜ್ಯದ ತಂಡಕ್ಕೆ ಅಕ್ಕನನ್ನು ಆರಿಸುವ ಮಾತು ನಡೆದಿತ್ತು. ಅಷ್ಟರಲ್ಲಿ ಗಡಿಯಾಚೆ ಒಂದು ಪಂದ್ಯ ಬಂತು. ನನ್ನೆದುರಿನವಳು ನನಗಿಂತ ತೂಕದವಳು. ಅವಳು ನೂಕಿದ ರಭಸಕ್ಕೆ ನನ್ನ ಕಾಲು ಜಾರಿತು. ಕುಸ್ತಿಯಲ್ಲಿ ಹಾಗಾದರೆ ನಾವು ನೆಲಕ್ಕೆ ಕೈಯೂರಿ ಮೊಣಕಾಲ ಮೇಲೆ ಕೂತುಬಿಡುತ್ತೇವೆ. ಬೆನ್ನು ಮಣ್ಣಿಗೆ ಹತ್ತದಿದ್ದರೆ ಸೋಲಿಲ್ಲ. ನನ್ನ ಮೈಗೆ ಅದೇ ಗೊತ್ತಿತ್ತು. ಎದುರಿನವಳ ಅಂಗಿ ಹಿಡಿದ ಕೈ ಬಿಟ್ಟು ನೆಲಕ್ಕೂರಿದೆ. ನಾನು ಬಚಾವಾದೆ. ನನ್ನ ಮಗ್ಗುಲಿನಿಂದ ಸ್ಕ್ರಮ್ ಕುಸಿದು, ಅಕ್ಕ ತಲೆ ಮುಂದಾಗಿ ಮಣ್ಣಿಗೆ ಬಿದ್ದಳು. ಎಲ್ಲರ ಭಾರವೂ ಅವಳ ಮೇಲೆ.

ಮಿರಜಿನ ದವಾಖಾನೆಯಲ್ಲಿ ಕೊರಳಪಟ್ಟಿ ಹಾಕಿಕೊಂಡು ಮಲಗಿದ್ದಳು. ಸರ್ ಹತ್ತಿರ ಬಂದು, “ಹೆಂಗ ಬಿತ್ತವಾ ಅದು?” ಎಂದರು.

“ನಂದ ತಲಿ ತಗ್ಗಿತ್ತೇನೋ ಸರ್,” ಎಂದಳು ಅಕ್ಕ.

ಸರ್ ನನ್ನ ಕಡೆ ನೋಡಿದರು. ನಾನು ನೆಲದ ಫರಸಿಕಲ್ಲು ನೋಡುತ್ತ, “ಹೌದ್ರಿ ಸರ್,” ಎಂದೆ.

ಜೀವ ಉಳಿಯಿತು. ನನ್ನ ಹೆಗಲ ಮೇಲಿರುತ್ತಿದ್ದ ಆ ಎಡಗೈಗೆ ಮಾತ್ರ ಬಲ ಬರಲಿಲ್ಲ. ಈಗ ಒಂದೇ ಕೈಯಲ್ಲಿ ಹಾಲು ಹಿಂಡುತ್ತಾಳೆ. ಆಟ ಹೋದದ್ದಕ್ಕೆ ಅವಳು ಅತ್ತದ್ದನ್ನು ನಾನು ಕಂಡಿಲ್ಲ. ಆದರೆ ಕಲಿಸುವುದನ್ನೂ ಬಿಟ್ಟಳು. ಸರ್ ಕರೆದಾಗಲೆಲ್ಲ ಒಂದೇ ಮಾತು: “ನನಗ ನೆಟ್ಟಗ ಬರಲಿಲ್ರಿ ಸರ್, ಮಂದಿ ಮಕ್ಕಳಿಗಿ ಏನ್ ಹೇಳ್ಲಿ?” ಅದನ್ನು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಮೊನ್ನೆ ಸಂಜೆ ಓಣಿಯ ಹುಡುಗಿಯರು ನಮ್ಮ ಅಂಗಳದಲ್ಲಿ ಬಗ್ಗಿ ನೂಕಾಡುತ್ತಿದ್ದರು. ಒಬ್ಬಳ ಗದ್ದ ಎದೆಗಂಟಿತ್ತು. ಹಾಲು ಹಿಂಡುತ್ತಿದ್ದ ಅಕ್ಕ ಚರಿಗೆ ಕೆಳಗಿಟ್ಟು ಸರಸರ ಹೋದಳು, ಆ ಹುಡುಗಿಯ ಗದ್ದದವರೆಗೂ ಬಲಗೈ ಚಾಚಿದಳು. ಮುಟ್ಟಲಿಲ್ಲ. ಕೈ ಹಿಂದಕ್ಕೆಳೆದುಕೊಂಡು ಬಂದು ಎಮ್ಮೆಯ ಬಳಿ ಕೂತು ಮತ್ತೆ ಹಿಂಡತೊಡಗಿದಳು.

ನಾನು ಅವಳೆದುರು ಕುಕ್ಕರಗಾಲಲ್ಲಿ ಕೂತೆ.

“ಅಕ್ಕಾ, ಅವತ್ತ ನಿನ್ನ ತಲಿ ತಗ್ಗಿರಲಿಲ್ಲ.”

ಹಿಂಡುತ್ತಿದ್ದ ಕೈ ನಿಂತಿತು. “ಏನಂದಿ?”

“ನಿನ್ನ ಬೆನ್ನ ನೆಟ್ಟಗಿತ್ತು. ನಾ ಕೈ ಬಿಟ್ನಿ. ನೆಲಕ್ಕ ಊರಿ ನಾ ಉಳಕೊಂಡ್ನಿ, ಸರ್ ಮುಂದ ಸುಳ್ಳ ಹೇಳಿದ್ನಿ. ತಪ್ಪ ನಂದ, ಅಕ್ಕಾ. ಹೊಟ್ಟ್ಯಾಗ ಹಾಕ್ಕೋ.”