ಆನೆದಾರಿಗೆ ಅಡ್ಡ ಬಂದ ಗೋಡೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥದ್ದನ್ನು ಯಾರಾದರೂ ಹೇಳಿದರೆ ನಗು ತಡೆಯಲು ಕಷ್ಟಪಡುತ್ತಿದ್ದೆ. ಚಾಮರಾಜನಗರದ ನಮ್ಮ ಸ್ಟಾಫ್ ರೂಮಿನಲ್ಲಿ ಅಂಥ ಮಾತು ಶುರುವಾದರೆ, ‘ನೀವು ಕಣ್ಣಾರೆ ನೋಡಿದ್ದೀರಾ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳೂ ನಾನೇ. ಈಗ ಕಣ್ಣಾರೆ ಕಂಡದ್ದನ್ನೇ ಹೇಳಹೊರಟಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಂಬಿಸುವುದು ಹೇಗೆಂದು ನನಗೂ ತಿಳಿಯದು.

ಪುಣಜನೂರಿನ ಕಡೆ, ಸತ್ಯಮಂಗಲದ ರಸ್ತೆಯಿಂದ ಸ್ವಲ್ಪ ಒಳಗೆ, ನನ್ನ ಚಿಕ್ಕಮ್ಮ ಪುಟ್ಟತಾಯಮ್ಮನ ಜಮೀನಿದೆ. ಜಮೀನಿನ ಪಕ್ಕದಲ್ಲೇ ಅಗಲವಾದ ಒಂದು ಹುಲ್ಲು ಪಟ್ಟೆ. ಈ ಕಾಡಿನಿಂದ ಆ ಕಾಡಿಗೆ ಹೋಗುವ ಆನೆಗಳು ಅಲ್ಲಿಂದಲೇ ದಾಟುತ್ತಿದ್ದವು. ಚಿಕ್ಕಪ್ಪ ಸಿದ್ದಯ್ಯ ಅದನ್ನು ಆನೆದಾರಿ ಎನ್ನುತ್ತಿದ್ದ. ಆ ಪಟ್ಟೆಗೆ ನೇಗಿಲು ಹಾಕಿದವರನ್ನು ನಾನು ನೋಡಿಲ್ಲ. ಆನೆಗಳೂ ಸಾಧುಗಳೇನಲ್ಲ, ಹೋಗುವಾಗ ರಾಗಿ ತೆನೆಗೆ ಸೊಂಡಿಲು ಹಾಕುತ್ತಿದ್ದವು. ಚಿಕ್ಕಪ್ಪ ತಮಟೆ ಬಡಿದು, ಬೈದು ಓಡಿಸುತ್ತಿದ್ದ. ಜಗಳ ಅಷ್ಟಕ್ಕೇ ಮುಗಿಯುತ್ತಿತ್ತು.

ಆಮೇಲೆ ಎಲ್ಲಿಂದಲೋ ಬಂದ ದುಡ್ಡಿನವರೊಬ್ಬರು ಆ ಪಟ್ಟೆಯನ್ನು ಕೊಂಡು ರೆಸಾರ್ಟ್ ಕಟ್ಟಿದರು. ಆನೆ ಓಡಾಡುವ ಜಾಗ ಮಾರಾಟವಾದದ್ದು ಹೇಗೆ, ಕಟ್ಟಲು ಬಿಟ್ಟವರು ಯಾರು ಎಂದು ಕೇಳಿದವರಿಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ತಂಗಲು ಬಂದವರಿಗೆ ಕಾಡು ಕಾಣಲಿ ಎಂದು ಹಿಂಭಾಗವನ್ನು ಬಯಲು ಬಿಟ್ಟರು. ನಮ್ಮ ಹೊಲದ ಕಡೆ ಮಾತ್ರ, ರಸ್ತೆಯಿಂದ ಗುಡ್ಡದ ಬುಡದವರೆಗೆ, ಆಳೆತ್ತರವನ್ನೂ ಮೀರಿದ ಕಲ್ಲಿನ ಗೋಡೆ. ಗೇಟಿನ ಎರಡೂ ಬದಿಗೆ ಒಂದೊಂದು ಸಿಮೆಂಟಿನ ಆನೆ. ಜೀವವಿರುವ ಆನೆಯ ದಾರಿ ಮುಚ್ಚಿ ಸಿಮೆಂಟಿನ ಆನೆಗೆ ಬಣ್ಣ ಬಳಿಯುವವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ನನ್ನ ಬಾಯಿಗೆ ಬರುವ ಮಾತುಗಳನ್ನು ಅಚ್ಚು ಹಾಕುವಂತಿಲ್ಲ.

ದಾರಿ ಮುಚ್ಚಿದ ಮೇಲೆ ಆನೆಗಳು ಗೋಡೆಯವರೆಗೆ ಬಂದು, ತಡಕಾಡಿ, ಚಿಕ್ಕಮ್ಮನ ಹೊಲಕ್ಕೆ ತಿರುಗತೊಡಗಿದವು. ಒಂದು ದಿನ ಬೆಳಗಿನ ಜಾವ ಮೋಟಾರ್ ಹಾಕಲು ಹೋದ ಚಿಕ್ಕಪ್ಪ ಮಂಜಿನಲ್ಲಿ ಅವುಗಳಿಗೆ ಎದುರಾದ. ಅವನ ಹೆಣವನ್ನು ನಾನು ನೋಡಿದ್ದೇನೆ. ಅದನ್ನು ಬರೆಯುವುದಿಲ್ಲ.

ಅಂದಿನಿಂದ ಟಿವಿಯವರು, ಜೀಪುಗಳು, ಮೈಕು. ‘ಪುಂಡಾನೆ ಹಿಡಿಯಿರಿ’ ಎಂದು ರಸ್ತೆ ತಡೆ. ಸಾಕಾನೆಗಳನ್ನು ತಂದು, ಮತ್ತಿನ ಸೂಜಿ ಹೊಡೆದು, ಒಂದು ಸಲಗನನ್ನು ಹಗ್ಗ ಬಿಗಿದು ಲಾರಿಗೆ ಹತ್ತಿಸಿದರು. ಚಿಕ್ಕಪ್ಪನನ್ನು ಕೊಂದದ್ದು ಅದೇ ಎಂದು ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಕಣ್ಣು ಅರ್ಧ ಮುಚ್ಚಿ ತೂಗಾಡುತ್ತಿದ್ದ ಆ ಪ್ರಾಣಿಯ ಮುಂದೆ ಜನ ಸೆಲ್ಫಿ ತೆಗೆದುಕೊಂಡರು. ನಾನು ಒಬ್ಬ ಅಧಿಕಾರಿಯ ಬಳಿ ಹೋಗಿ, ‘ಸಾರ್, ಮೊದಲು ಆ ಗೋಡೆ ನೋಡಿ’ ಎಂದೆ. ಅವರು ಅತ್ತ ತಿರುಗಲೂ ಇಲ್ಲ. ‘ಅದು ಪ್ರೈವೇಟ್ ಪ್ರಾಪರ್ಟಿ ಮೇಡಂ’ ಎಂದರು.

ಗಂಡನನ್ನು ಕಳೆದುಕೊಂಡ ಚಿಕ್ಕಮ್ಮ ಮಾತ್ರ ಲಾರಿ ಹೋದ ದಿಕ್ಕನ್ನೇ ನೋಡುತ್ತಾ, ‘ಅದ್ನ ಯಾಕ್ ಕಟ್ಕೊಂಡೋದ್ರು ಕಣಮ್ಮಿ? ದಾರಿ ಮುಚ್‌ಬುಟ್ರೆ ಅವು ಎಲ್ಲಿಗ್ ಓದಾವು? ಕಟ್ಟಾಕೋ ಅಂಗಿದ್ರೆ ಗೋಡೆ ಕಟ್ದೋರ್ನ ಕಟ್ಟಾಕ್ಲಿ’ ಎಂದಳು.

ತಿಥಿಯ ದಿನ ನೆಂಟರೆಲ್ಲ ಊಟ ಮುಗಿಸಿ ಬಸ್ಸು ಹಿಡಿದು ಹೋದರು. ಸಂಜೆ ಚಿಕ್ಕಮ್ಮನೂ ನಾನೂ ಹೊಲದಲ್ಲಿ ಕಟ್ಟಿದ್ದ ಹಸುವನ್ನು ತರಲು ಹೋದೆವು. ಸೂರ್ಯ ಆಗಷ್ಟೇ ಇಳಿದಿದ್ದ, ಬೆಳಕು ಚೆನ್ನಾಗಿತ್ತು. ಮಧ್ಯಾಹ್ನ ಬಿದ್ದ ಮಳೆಗೆ ನೆಲ ಮೆತ್ತಗಿತ್ತು. ಹಸು ಕಿವಿ ನಿಮಿರಿಸಿ ಗೋಡೆಯತ್ತ ನೋಡುತ್ತಿತ್ತು. ಅಲ್ಲಿ ಆನೆಗಳ ಗುಂಪು ನಿಂತಿತ್ತು. ಮುಂದೆ ಕಿವಿ ಹರಿದ ದೊಡ್ಡ ಹೆಣ್ಣಾನೆ, ಅದರ ಹಿಂದೆ ಉಳಿದವು, ಕಾಲುಗಳ ಸಂದಿಯಲ್ಲಿ ಒಂದು ಮರಿ. ಓಡೋಣವೆಂದು ಚಿಕ್ಕಮ್ಮನ ಸೆರಗು ಹಿಡಿದೆಳೆದೆ. ಹೆಣ್ಣಾನೆ ಸೊಂಡಿಲಿನಿಂದ ಗೋಡೆಯ ಕಲ್ಲುಗಳನ್ನು ಮೆಲ್ಲಗೆ ಮುಟ್ಟಿ ಮುಟ್ಟಿ ನೋಡುತ್ತಿತ್ತು, ಕುರುಡರು ಮುಖ ಮುಟ್ಟಿ ಗುರುತು ಹಿಡಿಯುವ ಹಾಗೆ.

ಚಿಕ್ಕಮ್ಮ ಹೆದರಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ಬಾಗಿಲಿಗೆ ಬಂದವರಿಗೆ ಹೇಳುವ ದನಿಯಲ್ಲಿ ಹೇಳಿದಳು: ‘ಓಗ್ರವ್ವ, ಓಗಿ. ನಿಮ್ ದಾರಿ ಅದು. ನಿಮ್ಮುನ್ನ ಯಾರ್ ಬ್ಯಾಡ ಅಂದಾರು?’

ಇನ್ನು ಮುಂದಿನದನ್ನು ಕಂಡ ಹಾಗೇ ಹೇಳುತ್ತೇನೆ. ಕಲ್ಲು ಬಿದ್ದ ಸದ್ದಿಲ್ಲ, ಬೆಳಕಿಲ್ಲ, ಗಾಳಿಯಿಲ್ಲ. ಆನೆಗಳು ನಡೆದವು. ಬಯಲಿನಲ್ಲಿ ನಡೆಯುವಂತೆಯೇ, ಅವಸರವಿಲ್ಲದೆ. ದೊಡ್ಡ ಆನೆ, ಆಮೇಲೆ ಮಿಕ್ಕವು, ಕೊನೆಗೆ ಮರಿ. ಗೋಡೆ ಇದ್ದಲ್ಲೇ ಇತ್ತು, ಆನೆಗಳು ಈ ಕಡೆ ಇರಲಿಲ್ಲ. ನಾನು ಕಣ್ಣು ಮುಚ್ಚಿರಲಿಲ್ಲ.

ಒಳಗಿನಿಂದ ಯಾರೋ ಕಿರುಚಿದರು. ನಾವು ಗೇಟಿನ ಕಡೆ ಓಡಿದೆವು. ಅಲ್ಲಿನ ಕಾವಲುಗಾರ ಉಮ್ಮತ್ತೂರಿನ ನಾಗರಾಜು ಕಂಬಿ ಹಿಡಿದು ನಿಂತಿದ್ದ. ‘ಗೇಟ್ ತೆಗ್ದಿಲ್ಲ ಮೇಡಂ, ಬೀಗ ಇಲ್ಲೇ ಅದೆ ನೋಡಿ. ಉಲ್ಲಿನ್ ಮ್ಯಾಲೆ ನಡ್ಕೊಂಡು ಇಂದ್ಗಡೆ ಕಾಡಿಗ್ ಓದೊ. ಎಲ್ಲಿಂದ್ ಬಂದೊ ಅಂತ್ಲೇ ಗೊತ್ತಾಗ್ಲಿಲ್ಲ’ ಎಂದ. ಬೀಗ ತೆಗೆದು ನಮ್ಮನ್ನು ಒಳಗೆ ಬಿಟ್ಟ. ಗೋಡೆಗೆ ಅಂಟಿದಂತೆ ಹೆಜ್ಜೆಗಳು ಶುರುವಾಗಿ ಹುಲ್ಲುಹಾಸಿನ ಉದ್ದಕ್ಕೂ ಕಾಡಿನವರೆಗೆ ಹೋಗಿದ್ದವು. ಗೋಡೆಯ ಬುಡದಲ್ಲಿ ಮರಿಯ ಒಂದು ಹೆಜ್ಜೆ ಅರ್ಧ ಮಾತ್ರ ಇತ್ತು. ನಾನು ಮತ್ತೆ ಹೊರಗೆ ಸುತ್ತಿ ಬಂದು ಹೊಲದ ಕಡೆಯಿಂದ ನೋಡಿದೆ. ಉಳಿದ ಅರ್ಧ ಈ ಕಡೆಯ ಕೆಸರಿನಲ್ಲಿತ್ತು. ನಡುವೆ ಗೋಡೆ. ಕೈಯಿಂದ ತಳ್ಳಿ ನೋಡಿದೆ. ಕಲ್ಲು ತಣ್ಣಗೆ, ಗಟ್ಟಿಯಾಗಿತ್ತು.

ಫೋನಿನಲ್ಲಿ ಫೋಟೋ ತೆಗೆದೆ. ಅದರಲ್ಲಿ ಕೆಸರು ಕಾಣುತ್ತದೆ, ಒಂದು ಗುಂಡಿ ಕಾಣುತ್ತದೆ. ಅದನ್ನು ನೋಡಿ ಯಾರೂ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಬೆಳಗಾಗುವಷ್ಟರಲ್ಲಿ ಮ್ಯಾನೇಜರು ಹುಲ್ಲುಹಾಸಿಗೆ ಹೊಸ ಮಣ್ಣು ಹಾಕಿಸಿ, ಲದ್ದಿ ಎತ್ತಿಸಿ, ಆನೆ ಬಂದೇ ಇಲ್ಲವೆಂದ. ನಾಗರಾಜು ಕೆಲಸ ಬಿಟ್ಟು ಊರಿಗೆ ಹೋದ. ಗೋಡೆಯನ್ನು ಇನ್ನಷ್ಟು ಎತ್ತರಿಸಿ ತುದಿಗೆ ಕರೆಂಟಿನ ತಂತಿ ಎಳೆದರು. ಆ ಗುಂಪು ಮತ್ತೆ ಈ ಕಡೆ ಬಂದದ್ದನ್ನು ಚಿಕ್ಕಮ್ಮ ನೋಡಿಲ್ಲ. ಹಿಡಿದೊಯ್ದ ಸಲಗ ಯಾವುದೋ ಶಿಬಿರದಲ್ಲಿ ಸರಪಳಿ ಕಟ್ಟಿಸಿಕೊಂಡು ನಿಂತಿದೆಯಂತೆ.

ದುಃಖದಲ್ಲಿದ್ದವರಿಗೆ ಏನೇನೋ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಾದರೆ ದುಃಖವಿಲ್ಲದ ನಾಗರಾಜು ಕಂಡದ್ದೇನು? ಹಳೆಯ ಹೆಜ್ಜೆಯಿರಬೇಕು ಎಂದುಕೊಂಡರೆ, ಅದರ ಮೇಲೆ ಅಂದಿನ ಮಳೆ ಬಿದ್ದ ಗುರುತೇ ಇರಲಿಲ್ಲ. ಎಲ್ಲಿಂದ ಯೋಚಿಸಿದರೂ ಆ ಅರ್ಧ ಹೆಜ್ಜೆಯ ಹತ್ತಿರ ಬಂದು ನಿಲ್ಲುತ್ತೇನೆ.

ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿದೆ. ಈ ಸಲ ನಗುವ ಸರದಿ ಅವರದು. ‘ಅಲ್ಲಾ ಮೇಡಂ, ಸೈನ್ಸ್ ಟೀಚರ್ ನೀವು. ಗೋಡೆ ದಾಟಿ ಆನೆ ಹೇಗೆ ಹೋಗುತ್ತೆ?’ ಎಂದು ಎಲ್ಲರೂ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಆದರೆ ಆನೆಗಳ ದಾರಿಯಲ್ಲಿ ಆ ಗೋಡೆ ಹೇಗೆ ಬಂತು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.